ನಾಡಾ ಅಂದ್ರ ಏನ್ರಿ?

ಔರಂಗಾಬಾದಿನಲ್ಲಿ ಮಾತಿನ ಎಡವಟ್ಟುಗಳಿಗೆ ಯಾವತ್ತೂ ಬರ ಬಂದದ್ದಿಲ್ಲ. ಈಗ ಊರಿನ ಹೆಸರು ಛತ್ರಪತಿ ಸಂಭಾಜಿನಗರ ಎಂದಾಗಿದೆ, ಎಡವಟ್ಟುಗಳು ಮಾತ್ರ ನಡೆದೇ ಇರಬೇಕು. ನಾನು ಅಲ್ಲಿದ್ದ ಕಾಲಕ್ಕೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಕಾರ್ಖಾನೆಯಲ್ಲಿ ಮರಾಠಿ, ಮಾಲೀಕರ ಕೋಣೆಯಲ್ಲಿ ಇಂಗ್ಲಿಷ್ ಆಡಬೇಕಿತ್ತು. ಇಷ್ಟರಲ್ಲೇ ದಿನಕ್ಕೊಂದು ಫಜೀತಿ ಆಗುತ್ತಿರುವಾಗ, ಎಪ್ಪತ್ತರ ದಶಕದ ಮೊದಲಲ್ಲಿ ಐದನೆಯ ಭಾಷೆಯೊಂದನ್ನು ಹೊತ್ತುಕೊಂಡು ಸ್ಪೇನ್ ದೇಶದ ಒಬ್ಬ ಇಂಜಿನಿಯರ್ ಬಂದಿಳಿದರು.

ನಾನು ಆಗ ಊರ ಹೊರಗಿನ ಚಿಕಲಠಾಣಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕ್ಲರ್ಕ್. ಹುಟ್ಟೂರು ಬೀದರ ಜಿಲ್ಲೆ. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ, ನೌಕರಿ ಕಾಯಂ ಆಗಿರಲಿಲ್ಲ. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ತಗಡಿನ ಡಬ್ಬಿ. ಅದಕ್ಕೆಂದು ಮಾಲೀಕರು ಸ್ಪೇನಿನಿಂದ ಹೊಸ ಯಂತ್ರ ತರಿಸಿದ್ದರು. ಅದನ್ನು ಜೋಡಿಸಿಕೊಡಲು ಅಲ್ಲಿಂದಲೇ ಇಂಜಿನಿಯರ್ ಬರುವವರಿದ್ದರು.

"ಅವರನ್ನು 'ಸೆನ್ಯೋರ್' ಅನ್ನಬೇಕು, ಅವರ ಕಡೆ ಅದೇ ಮರ್ಯಾದೆ" ಎಂದು ಮಾಲೀಕರು ಎಲ್ಲರಿಗೂ ಹೇಳಿಕೊಟ್ಟರು. ಸಂಜೆಯ ಹೊತ್ತಿಗೆ ಅದು ಗೇಟಿನ ತನಕ ಹೋಗಿ "ಸೀನಿಯರ್ ಸಾಹೇಬ್ರು" ಆಗಿತ್ತು. ವಾಚ್‌ಮನ್ ನನ್ನನ್ನು ಗುಟ್ಟಾಗಿ ಕೇಳಿದ: "ಜೂನಿಯರ್ ಸಾಹೇಬ್ರು ಯಾವಾಗ ಬರ್ತಾರ?"

ಸೀನಿಯರ್ ಸಾಹೇಬರಿಗೆ ಇಂಗ್ಲಿಷ್ ಅಷ್ಟಿಷ್ಟು ಬರುತ್ತಿತ್ತು. ಸಮಾಧಾನದಲ್ಲಿದ್ದಾಗ ಇಂಗ್ಲಿಷ್ ಆಡುವರು. ಖುಷಿಯಾದರೆ, ಗಾಬರಿಯಾದರೆ, ಸಿಟ್ಟು ಬಂದರೆ ಸ್ಪ್ಯಾನಿಷ್‌ಗೆ ಹೊರಳಿಬಿಡುವರು. ಅವರನ್ನು ನೋಡಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಅವರು ಇದ್ದ ಅಷ್ಟೂ ದಿನ ನಮ್ಮನ್ನು ಕುಣಿಸಿದ್ದು ಒಂದೇ ಒಂದು ಶಬ್ದ.

೧. ಸ್ವಾಗತ

ಅವರನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ನಾನು ಮತ್ತು ಜೀಪಿನ ಡ್ರೈವರ್ ಹೋದೆವು. ಡ್ರೈವರ್ ನಮ್ಮ ಭಾಲ್ಕಿ ಕಡೆಯವನು. ಕನ್ನಡ ಶುರುಮಾಡಿ ಹಿಂದಿಯಲ್ಲಿ ಮುಗಿಸುವ ಮನುಷ್ಯ.

ರೈಲಿನಿಂದ ಎತ್ತರದ, ತೆಳ್ಳನೆಯ, ಬಿಸಿಲಿಗೆ ಮೂಗು ಕೆಂಪಾದ ಒಬ್ಬರು ಇಳಿದರು. ಮುಂಬಯಿಯ ಊಟ ಹೊಟ್ಟೆಗೆ ಒಗ್ಗದೆ ಹಾಸಿಗೆ ಹಿಡಿದು ಎದ್ದಿದ್ದರಂತೆ. ಪ್ಯಾಂಟು ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ನಡೆಯುತ್ತ ನಡೆಯುತ್ತ ಮೇಲಕ್ಕೆಳೆದುಕೊಳ್ಳುತ್ತಿದ್ದರು.

ಡ್ರೈವರ್ ಅವರ ಪೆಟ್ಟಿಗೆ ಎತ್ತಿ ಜೀಪಿನಲ್ಲಿಟ್ಟ. ಅವರು ಅವನಿಗೊಂದು ಸಿಗರೇಟು ಕೊಟ್ಟರು. ಅವನು "ಥ್ಯಾಂಕ್ಯೂ ಸಾಬ್" ಎಂದ. ಅವರು ನಕ್ಕು ಏನೋ ಎಂದರು.

ಅವರು ಅಂದದ್ದು "ದೆ ನಾದ" ಅಂತ. ಆದರೆ ಅವರ ಆ ಕೊನೆಯ ಅಕ್ಷರ ನಮ್ಮ ದಕಾರವೂ ಅಲ್ಲ, ಡಕಾರವೂ ಅಲ್ಲ. ನಾಲಿಗೆ ಹಲ್ಲಿಗೆ ತಾಗಿತೋ ಇಲ್ಲವೋ ಅನ್ನುವ ಹಾಗೆ ಹೊರಬರುತ್ತಿತ್ತು. ಕೇಳಿದವರಿಗೆ ಅವರವರ ಭಾವಕ್ಕೆ ತಕ್ಕಂತೆ ಕೇಳುತ್ತಿತ್ತು. ಡ್ರೈವರನಿಗೆ ಕೇಳಿದ್ದು "ದೇ ನಾಡಾ". ಹಿಂದಿಯಲ್ಲಿ ನಾಡಾ ಅಂದರೆ ಪಾಯಜಾಮದ ಲಾಡಿ. ದೇ ಅಂದರೆ ಕೊಡು.

ಅವನು ನನ್ನನ್ನು ಪಕ್ಕಕ್ಕೆ ಕರೆದ. "ಸಾಬ್ರು ಲಾಡಿ ಕೇಳ್ಲಾಕತ್ತಾರ್ರಿ."

"ಲಾಡಿ? ಬಂದ ಕೂಡ್ಲೇ?"

"ಪತಲೂನ್ ನೋಡ್ರಿ, ಜಾರ್ಲಾಕತ್ತದ. ಪಾಪ, ನಮ್ಮನ್ನ ಬಿಟ್ಟು ಯಾರಿಗಿ ಕೇಳ್ಬೇಕು?"

ನನಗೆ ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡೋಣ ಎಂದು ನಾನೂ ಹತ್ತಿರ ಹೋಗಿ ನಿಂತೆ. ನನಗೂ ಒಂದು ಸಿಗರೇಟು ಕೊಟ್ಟರು. ನಾನೂ ಥ್ಯಾಂಕ್ಯೂ ಎಂದೆ. ಅವರು ಒಂದು ಕೈಯಲ್ಲಿ ಪ್ಯಾಂಟು ಎಳೆದುಕೊಳ್ಳುತ್ತ ಮತ್ತೆ ಅದನ್ನೇ ಅಂದರು. ಈ ಸಲ ನನಗೂ ಲಾಡಿಯೇ ಕೇಳಿಸಿತು.

"ಯಾರ್ ಕಲಿಸ್ಯಾರೋ ಏನೋ," ಎಂದು ಡ್ರೈವರ್ ಮೆಚ್ಚಿಕೊಂಡ, "ಹಿಂದಿ ಒಂದೇ ಮಾತು ಕಲ್ತಾರ, ಜರೂರಿ ಮಾತೇ ಕಲ್ತಾರ."

ಜೀಪು ಗುಲಮಂಡಿ ಪೇಟೆಯ ಕಡೆ ತಿರುಗಿತು. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ದಪ್ಪನೆಯ ಬಿಳಿ ಲಾಡಿಯೊಂದನ್ನು ಆರಿಸಿ ತಂದೆ. ಅತಿಥಿಗಳಿಗೆ ಕೊಡುವುದು ತಾನೇ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಲಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಅರಳಿತು. ಭಾರತದಲ್ಲಿ ಬಂದವರ ಕೊರಳಿಗೆ ಏನಾದರೂ ಹಾಕಿ ಬರಮಾಡಿಕೊಳ್ಳುತ್ತಾರೆ ಎಂದು ಮುಂಬಯಿಯಲ್ಲಿ ಯಾರೋ ಹೇಳಿದ್ದರಂತೆ. ತಲೆ ತಗ್ಗಿಸಿ, ಲಾಡಿಯನ್ನು ಭಕ್ತಿಯಿಂದ ಕೊರಳಿಗೆ ಹಾಕಿಕೊಂಡು, ಮುಂದೆ ಎದೆಯ ಮೇಲೊಂದು ಗಂಟು ಹಾಕಿಕೊಂಡರು. ತೆಗೆಯಿರಿ ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಮಾಲೀಕರು ಚೆಂಡುಹೂವಿನ ಹಾರ ಹಿಡಿದು ನಿಂತಿದ್ದರು. ಹಿಂದೆ ಕೆಲಸಗಾರರೆಲ್ಲ ಸಾಲಾಗಿ ನಿಂತಿದ್ದರು. ಸಾಹೇಬರು ಎದೆಯುಬ್ಬಿಸಿ ಇಳಿದರು. ಮಾಲೀಕರು ಹಾರ ಹಾಕಿದರು, ಕೈ ಕುಲುಕಿದರು, ನಕ್ಕರು. ಆಮೇಲೆ ಅದೇ ನಗೆಯನ್ನು ಮುಖದ ಮೇಲಿಟ್ಟುಕೊಂಡೇ ನನ್ನ ಕಿವಿಯಲ್ಲಿ ಮರಾಠಿಯಲ್ಲಿ ಕೇಳಿದರು:

"ಯಾರ ಪಾಯಜಾಮದಿಂದ ಎಳೆದು ತಂದಿರಿ ಇದನ್ನ?"

೨. ಇಲ್ಲಿ ಮಾಸ್ ಇಲ್ಲ

ಊಟಕ್ಕೆ ಅವರನ್ನು ಸ್ಟೇಷನ್ ಹತ್ತಿರದ ಹೋಟೆಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಹೋಟೆಲ್ಲಿನ ಯಜಮಾನರು ಉಡುಪಿಯ ಕಡೆಯವರು, ಮನೆಮಾತು ಕೊಂಕಣಿ. ಹೋಟೆಲು ಶುದ್ಧ ಸಸ್ಯಾಹಾರಿ. ಒಮ್ಮೆ ಗಿರಾಕಿಯೊಬ್ಬ ಮೊಟ್ಟೆ ಇದೆಯೇ ಎಂದು ಕೇಳಿದ್ದಕ್ಕೆ ಆ ಮೇಜನ್ನೇ ತೊಳೆಸಿದವರು.

ಮೊದಲ ದಿನ ಸಾಹೇಬರು ಮಸಾಲೆ ದೋಸೆ ತಿಂದರು. ಇಷ್ಟವಾಯಿತು. ಇನ್ನೊಂದು ತಿಂದರು. ಮಾಣಿ ಬಂದು "ಔರ್ ಕ್ಯಾ ಸಾಬ್?" ಎಂದ. ಸಾಹೇಬರು ತೃಪ್ತಿಯಿಂದ ಹಿಂದಕ್ಕೊರಗಿ, "ನಾದ ಮಾಸ್" ಎಂದರು. ಮಾಣಿ ತಿಳಿಯದೆ ಮತ್ತೆ ಕೇಳಿದ. ಅವರು ಇನ್ನಷ್ಟು ಗಟ್ಟಿಯಾಗಿ, "ಮಾಸ್! ನಾದ ಮಾಸ್!" ಎಂದರು.

ಗಲ್ಲಾದ ಮೇಲಿದ್ದ ಯಜಮಾನರ ಕಿವಿ ನೆಟ್ಟಗಾಯಿತು. ಎದ್ದು ನನ್ನ ಹತ್ತಿರ ಓಡಿ ಬಂದರು.

"ಎಂಥ ಮಾರಾಯ್ರೆ ಇದು! ನಿಮ್ಮ ದೊರೆ ಮಾಸ್ ಕೇಳ್ತಾರಲ್ಲ!"

"ಏನ್ ಕೇಳ್ತಾರ್ರಿ?"

"ಮಾಸ್! ನಮ್ಮ ಕೊಂಕಣಿಯಲ್ಲಿ ಮಾಸ್ ಅಂದ್ರೆ ಮಾಂಸ. ದೋಸೆ ತಿಂದ ಬಾಯಲ್ಲಿ ಮಾಂಸ ಕೇಳ್ತಾರೆ. ಹೊರಗೆ ಬೋರ್ಡು ಉಂಟಲ್ಲ, ಓದಿ ಹೇಳ್ಲಿಲ್ವಾ ನೀವು?"

ನಾನು ಏನು ಹೇಳುವುದಕ್ಕೂ ಮೊದಲೇ ಅವರು ಸಾಹೇಬರ ಮೇಜಿನೆದುರು ನಿಂತು, ಕೈಮುಗಿದು, ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು: "ಸಾರ್, ನೋ ಮಾಸ್! ಹಿಯರ್ ನೋ ಮಾಸ್!"

ಸಾಹೇಬರ ಕಣ್ಣು ಹೊಳೆಯಿತು. ಈ ಪರದೇಶದಲ್ಲಿ ತನ್ನ ಭಾಷೆ ಆಡುವವರೊಬ್ಬರು ಸಿಕ್ಕರಲ್ಲ ಎಂದು. "ಸೀ, ಸೀ! ನೋ ಮಾಸ್!" ಎಂದು ಹೌದೆನ್ನುವಂತೆ ತಲೆಯಾಡಿಸಿ, ಹೊಟ್ಟೆ ಮುಟ್ಟಿ ತೋರಿಸಿದರು.

ಯಜಮಾನರಿಗೆ ಹೋದ ಜೀವ ಬಂದ ಹಾಗಾಯಿತು. "ನೋಡಿ, ಹೇಳಿದ ಕೂಡ್ಲೇ ಒಪ್ಪಿದ್ರು. ಒಳ್ಳೆಯ ಮನುಷ್ಯ!" ಎಂದು ಖುಷಿಯಿಂದ ಒಳಗಿನಿಂದ ಒಂದು ತಟ್ಟೆ ಶಿರಾ ತರಿಸಿ ಇಟ್ಟರು, ಕಾಣಿಕೆ ಎಂದು.

ಸಾಹೇಬರು ಶಿರಾವನ್ನು ನೋಡಿದರು. ಬೇಡ ಎಂದು ಕೈಯಾಡಿಸಿ, "ನೋ ಮಾಸ್" ಎಂದರು. ಯಜಮಾನರು "ಹೌದು ಹೌದು, ನೋ ಮಾಸ್!" ಎಂದು ಇನ್ನೊಂದು ಚಮಚ ತುಪ್ಪ ಹಾಕಿದರು. ಮರ್ಯಾದೆಗೆಂದು ಸಾಹೇಬರು ತಿಂದರು. ಮುಗಿಸಿ, ಈ ಸಲ ಕಳಕಳಿಯಿಂದ, ಎರಡೂ ಕೈಯೆತ್ತಿ, "ಪೊರ್ ಫವೋರ್, ನೋ ಮಾಸ್!" ಎಂದರು. ಯಜಮಾನರ ಕಣ್ಣಲ್ಲಿ ನೀರೇ ಬಂತು. ಮಾಂಸ ಬಿಟ್ಟೆ ಎಂದು ಒಬ್ಬ ಪರದೇಶಿ ಕೈಯೆತ್ತಿ ಆಣೆ ಮಾಡುವುದೆಂದರೇನು! ಒಂದು ತಟ್ಟೆ ಗೋಳಿಬಜೆ ಬಂತು.

ಹೊರಗೆ ಬರುವಾಗ ಸಾಹೇಬರು ನನ್ನ ಹೆಗಲ ಮೇಲೆ ಭಾರ ಹಾಕಿ ನಡೆಯುತ್ತಿದ್ದರು. ಒಂದು ಲಾಭವಂತೂ ಆಗಿತ್ತು. ಅವರು ಪ್ಯಾಂಟು ಹಿಡಿದುಕೊಳ್ಳುವ ಅಗತ್ಯ ಉಳಿದಿರಲಿಲ್ಲ.

೩. ಠೋಕ್

ಇಲ್ಲಿಯವರೆಗೆ ನಕ್ಕು ಬಿಡುವಂಥದ್ದು. ಮುಂದಿನದು ಹಾಗಾಗಲಿಲ್ಲ.

ಯಂತ್ರ ಜೋಡಿಸಿ ಮುಗಿಯುತ್ತ ಬಂದಿತ್ತು. ಸಾಹೇಬರು ಯಂತ್ರದ ಕೆಳಗೆ ಮಲಗಿ, ಕಾಲು ಮಾತ್ರ ಹೊರಗೆ ಬಿಟ್ಟು ಏನೋ ಬಿಗಿಯುತ್ತಿದ್ದರು. ನಮ್ಮ ಫಿಟ್ಟರ್ ಪಕ್ಕದಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. ಜಾಲನಾ ಕಡೆಯ ಮರಾಠಿ ಮನುಷ್ಯ, ಗಟ್ಟಿ ಆಳು, ಹೇಳಿದ ಕೆಲಸ ಎರಡನೆಯ ಸಲ ಹೇಳಿಸಿಕೊಳ್ಳದವನು. ಅದು ಅವನ ದೊಡ್ಡ ಗುಣ. ಅಂದು ಅದೇ ಮುಳುವಾಯಿತು.

ಒಳಗಿನಿಂದ ಸಾಹೇಬರು ಗಾಬರಿಯಿಂದ ಕೂಗಿದರು: "ನೋ ತೋಕೆ ನಾದ!"

ಫಿಟ್ಟರ್ ಸುತ್ತಿಗೆ ಎತ್ತಿ ಧಡ್ ಎಂದು ಹೊಡೆದ.

ಒಳಗಿನಿಂದ ಇನ್ನೂ ಜೋರಾಗಿ ಬಂತು: "ನೋ ತೋಕೆ! ನೋ ತೋಕೆ ನಾದ!"

ಫಿಟ್ಟರ್ ಇನ್ನೂ ಜೋರಾಗಿ ಹೊಡೆದ. ಒತ್ತಡ ತೋರಿಸುವ ಮೀಟರಿನ ಗಾಜು ಪುಡಿಯಾಗಿ ನೆಲಕ್ಕೆ ಸುರಿಯಿತು. ಮುಳ್ಳು ಒಂದು ಸುತ್ತು ತಿರುಗಿ ಜೋತುಬಿತ್ತು.

ಯಂತ್ರದ ಕೆಳಗಿನಿಂದ ಸಾಹೇಬರು ಹೊರಬಂದ ರೀತಿ ಈಗಲೂ ಕಣ್ಣ ಮುಂದಿದೆ. ಮುಖಕ್ಕೆಲ್ಲ ಗ್ರೀಸು. ಮಾತೆಲ್ಲ ಸ್ಪ್ಯಾನಿಷು. ಅರ್ಥವಾಗದಿದ್ದರೂ, ಏನು ಹೇಳುತ್ತಿದ್ದಾರೆಂದು ಎಲ್ಲರಿಗೂ ತಿಳಿಯುತ್ತಿತ್ತು. ಸದ್ದಿಗೆ ಮಾಲೀಕರೂ ಬಂದರು.

"ಯಾಕೆ ಹೊಡೆದೆ?" ಎಂದು ಫಿಟ್ಟರನನ್ನು ಕೇಳಿದರು.

"ಸಾಹೇಬರೇ ಠೋಕ್ ಅಂದರು ಸರ್." ಮರಾಠಿಯಲ್ಲಿ ಠೋಕ್ ಅಂದರೆ ಹೊಡಿ, ಬಡಿ.

"ಅದಕ್ಕೂ ಮೊದಲು 'ನೋ' ಅಂದದ್ದು ಕೇಳಲಿಲ್ಲವೇ? ಊರಿಗೆಲ್ಲ ಕೇಳಿದೆ!"

ಫಿಟ್ಟರ್ ಬಹಳ ವಿನಯದಿಂದ ಹೇಳಿದ: "ಕೇಳಿತು ಸರ್. ಮೊದಲು ನೋ ಅಂದರು, ಆಮೇಲೆ ಠೋಕ್ ಅಂದರು. ಮನಸ್ಸು ಬದಲಾಯಿಸಿದರು ಅಂದುಕೊಂಡೆ."

ಕೆಲಸಗಾರರೆಲ್ಲ ಮೋರೆ ತಿರುಗಿಸಿ ನಿಂತರು. ನಾನು ನಗಲಿಲ್ಲ, ಏಕೆಂದರೆ ಮಾಲೀಕರು ನನ್ನ ಕಡೆಯೇ ನೋಡುತ್ತಿದ್ದರು.

"ನಿಮ್ಮನ್ನು ಅವರ ಹತ್ತಿರ ಇಟ್ಟದ್ದು ಯಾತಕ್ಕೆ?" ಎಂದರು. "ಮೊದಲು ಲಾಡಿ ತಂದಿರಿ, ಈಗ ಮೀಟರ್ ಒಡೆಸಿದಿರಿ. ಈ ನಾದ ನಾದ ಅಂತ ಮೂರು ಹೊತ್ತೂ ಅಂತಾರಲ್ಲ, ಏನದು? ತಿಳಿದುಕೊಂಡು ಬನ್ನಿ. ಇನ್ನೊಂದು ಸಲ ಹೀಗಾದರೆ ಅವನೂ ಮನೆಗೆ, ನೀವೂ ಮನೆಗೆ."

ಫಿಟ್ಟರನಿಗೆ ಮೂವರು ಮಕ್ಕಳು. ನನಗೆ ಹೊಸ ಸಂಸಾರ. ಒಂದು ಶಬ್ದದ ಅರ್ಥಕ್ಕೆ ಎರಡು ಮನೆಯ ಒಲೆ ಆರಿಹೋಗುವ ಹಾಗಾಗಿತ್ತು.

೪. ಬ್ಯಾಂಡ್ ಮಾಸ್ತರರ ಪಾಠ

ಆ ಶಬ್ದದ ಅರ್ಥ ಸಾಹೇಬರನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದೆ. ಮೀಟರು ಒಡೆದ ಮೇಲೆ ಅವರು ಸಿಟ್ಟಿನಿಂದ ತಮ್ಮ ಕೋಣೆ ಸೇರಿದ್ದರು. ಬಾಗಿಲಲ್ಲಿ ನಿಂತು "ಸಾರ್, ವಾಟ್ ನಾದ?" ಎಂದೆ. "ನಾದ!" ಎಂದು ಬಾಗಿಲು ಹಾಕಿಕೊಂಡರು.

ಕಂಟೋನ್ಮೆಂಟ್ ಹತ್ತಿರ ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಗೋವೆಯ ಮಾಸ್ತರರೊಬ್ಬರಿದ್ದಾರೆ, ಅವರಿಗೆ ಪೋರ್ತುಗೀಸ್ ಬರುತ್ತದೆ, ಅದೂ ಸ್ಪ್ಯಾನಿಷೂ ದಾಯಾದಿ ಭಾಷೆಗಳು ಎಂದು ಯಾರೋ ಹೇಳಿದರು. ಡ್ರೈವರನನ್ನು ಕರೆದುಕೊಂಡು ಸಂಜೆ ಹೋದೆ. ಮಾಸ್ತರರು ಅಂಗಳದಲ್ಲಿ ಕೂತು ತುತ್ತೂರಿ ಒರೆಸುತ್ತಿದ್ದರು. ಬಿಳಿ ಮೀಸೆ, ಮಿಲಿಟರಿ ದನಿ, ಹಿಂದಿ ಮಾತು. ಅವರು ಆಡಿದ್ದನ್ನು ಕನ್ನಡದಲ್ಲೇ ಹೇಳುತ್ತೇನೆ.

"ಮಾಸ್ತರೇ, ಸ್ಪ್ಯಾನಿಷಿನಲ್ಲಿ ನಾದ ಅಂದರೇನು?"

"ಏನೂ ಇಲ್ಲ."

"ಹಾಗಲ್ಲ, ಆ ಶಬ್ದಕ್ಕೆ ಒಂದು ಅರ್ಥ ಇರಬೇಕಲ್ಲ?"

"ಇದೆ. ಏನೂ ಇಲ್ಲ."

"ಇದೆಯೋ, ಇಲ್ಲವೋ?"

"ಇದೆ ಅಂದೆನಲ್ಲ!"

"ಏನಿದೆ?"

"ಏನೂ ಇಲ್ಲ!"

ನಾನು ಡ್ರೈವರನ ಮುಖ ನೋಡಿದೆ. ಅವನು ಮೆಲ್ಲಗೆ, "ಮುದುಕಗ ಗೊತ್ತಿಲ್ಲ ಕಾಣ್ತದ, ಹೇಳ್ಲಾಕ ನಾಚ್ಕಿ," ಎಂದ.

ನಾನು ಸಮಾಧಾನ ಮಾಡುವ ದನಿಯಲ್ಲಿ, "ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ ಬಿಡಿ" ಎಂದೆ. ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು, ನನ್ನ ಕೈ ಹಿಡಿದು, ಅಂಗೈಯನ್ನು ಬಿಚ್ಚಿ ತೋರಿಸಿದರು.

"ಇದರಲ್ಲಿ ಏನಿದೆ?"

"ಏನೂ ಇಲ್ಲ."

"ಅದೇ ನಾದ! ನಿನ್ನ ಅಂಗೈಯಲ್ಲಿರುವುದು ನಾದ. ನಿನ್ನ ತಲೆಯಲ್ಲಿರುವುದೂ ನಾದ!"

ಆಗ ಒಳಹೊಕ್ಕಿತು. ಆಮೇಲೆ ಒಂದೊಂದಾಗಿ ಬಿಡಿಸಿಟ್ಟರು. ಯಾರಾದರೂ ಉಪಕಾರ ನೆನೆದರೆ "ದೆ ನಾದ" ಎನ್ನುತ್ತಾರೆ, ಅಯ್ಯೋ ಅದರಲ್ಲೇನಿದೆ ಬಿಡಿ ಎಂದು. "ನಾದ ಮಾಸ್" ಅಂದರೆ ಇನ್ನೇನೂ ಬೇಡ, ಸಾಕು. "ನೋ ಮಾಸ್" ಅಂದರೂ ಸಾಕು ಎಂದೇ. "ನೋ ತೋಕೆ ನಾದ" ಅಂದರೆ ಏನನ್ನೂ ಮುಟ್ಟಬೇಡ.

ಲಾಡಿ, ಶಿರಾ, ಗೋಳಿಬಜೆ, ಸುತ್ತಿಗೆ ಎಲ್ಲವೂ ಸಾಲಾಗಿ ನನ್ನ ಕಣ್ಣೆದುರು ಹಾದುಹೋದವು. ಬೇಡ ಬೇಡ ಎಂದು ಕೈಯೆತ್ತಿದವರಿಗೆ ಬಡಿಸಿದ್ದೆವು. ಮುಟ್ಟಬೇಡ ಎಂದದ್ದನ್ನು ಬಡಿದಿದ್ದೆವು.

ಮಾಸ್ತರರಿಗೆ ಕೈಮುಗಿದು ಬಹಳ ಉಪಕಾರವಾಯಿತು ಎಂದೆ. ಅವರು ಮೀಸೆ ತಿರುವಿ, ನಾನು ಪಾಠ ಕಲಿತೆನೋ ಇಲ್ಲವೋ ನೋಡಲೆಂದು, "ದೆ ನಾದ!" ಎಂದರು.

ಡ್ರೈವರ್ ಎಷ್ಟು ಅಭ್ಯಾಸಕ್ಕೆ ಬಿದ್ದಿದ್ದನೆಂದರೆ, ಕೈ ಸೊಂಟಕ್ಕೆ ಹೋಗಿಬಿಟ್ಟಿತು.

೫. ಮನೆ ಹೊಕ್ಕ ಮಾತು

ಹೊಸ ಶಬ್ದ ಕಲಿತವನ ಬಾಯಿ ಸುಮ್ಮನಿರುವುದಿಲ್ಲ. ಮರುದಿನ ಬೆಳಿಗ್ಗೆ ಸಾಹೇಬರು ಏನೋ ಕೇಳಿದ್ದಕ್ಕೆ ನಾನು ಗತ್ತಿನಿಂದ "ನಾದ, ಸೆನ್ಯೋರ್" ಎಂದೆ. ಅವರು ಸಿಟ್ಟೆಲ್ಲ ಮರೆತು ನನ್ನನ್ನು ಅಪ್ಪಿಕೊಂಡರು. ಅಂದಿನಿಂದ ಕಾರ್ಖಾನೆಗೆಲ್ಲ ಅದೇ ಮಾತು. ಸ್ಟೋರಿನಲ್ಲಿ ನಟ್ಟು ಇದೆಯೇ? ನಾದ. ಚಹ ಬಂತೇ? ನಾದ. ಫಿಟ್ಟರನಂತೂ ಸುತ್ತಿಗೆಯನ್ನು ದೂರವಿಟ್ಟು ಸಾಹೇಬರಿಗೆ ಎರಡೂ ಅಂಗೈ ತೋರಿಸಿ "ನಾದ, ನಾದ" ಎನ್ನುವುದನ್ನು ರೂಢಿಸಿಕೊಂಡ.

ಆ ಉತ್ಸಾಹದಲ್ಲೇ ಮನೆಗೆ ಹೋದೆ. ಹೆಂಡತಿ ತೊಗರಿಬೇಳೆ, ಬದನೆಕಾಯಿ ತರಲು ಹೇಳಿದ್ದಳು. ನನಗೆ ನೆನಪೇ ಹಾರಿಹೋಗಿತ್ತು.

"ಪ್ಯಾಟಿಯಿಂದ ಏನ್ ತಂದ್ರಿ?" ಎಂದಳು.

"ನಾದ," ಎಂದೆ ನಗುತ್ತ.

"ನಾಡಾ? ಲಾಡಿ ಯಾರ್ ತಾ ಅಂದಿದ್ರು? ಮೊನ್ನೇ ತಂದೀರಿ ಅಂತ ಓಣಿ ತುಂಬ ಅನ್ಲಾಕತ್ತಾರ, ಮತ್ತ ತಂದ್ರಿ?" ಎಂದು ಚೀಲ ಕಸಿದುಕೊಂಡು ಒಳಗೆ ಕೈ ಹಾಕಿದಳು. ಚೀಲ ತಿರುವಿ ಜಾಡಿಸಿದಳು. "ಎಲ್ಲಿ ಅದ್ರಿ? ಇದ್ರಾಗ ಏನೂ ಇಲ್ಲ!"

"ಅದೇ! ನಾದ ಅಂದ್ರ ಏನೂ ಇಲ್ಲ ಅಂತ ಅರ್ಥ. ಸ್ಪ್ಯಾನಿಷ್ ಭಾಷಾ!" ಎಂದು ಬ್ಯಾಂಡ್ ಮಾಸ್ತರರಿಂದ ಕಲಿತದ್ದನ್ನೆಲ್ಲ ನಿಂತ ಕಾಲಲ್ಲೇ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಬಲು ಆಸಕ್ತಿಯಿಂದ ಕೇಳಿದಳಲ್ಲ ಎಂದು ನನಗೆ ಹೆಮ್ಮೆಯೆನಿಸಿತು.

ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತೆ. "ಇವತ್ತ ಅಡಿಗಿ ಏನ್ ಮಾಡೀದಿ?"

ಒಲೆಯ ಕಡೆಯಿಂದಲೇ ಹೇಳಿದಳು: "ನಾದ, ಸೆನ್ಯೋರ್."

೬. ರಾಮಕುಂಡ

ಯಂತ್ರದ ಕತೆ ಮೊದಲು ಮುಗಿಸಿಬಿಡುತ್ತೇನೆ. ಹೊಸ ಮೀಟರು ಬಂತು, ಯಂತ್ರ ನಡೆಯಿತು, ಡಬ್ಬಿಗಳು ಹೊರಬಿದ್ದವು. ಫಿಟ್ಟರೂ ಮನೆಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಆದರೆ ಆ ಮೀಟರು ತರಲು ಹೋದಾಗ ನಾನು ಮನೆಗಿಂತಲೂ ದೂರ ಹೋಗುವವನಿದ್ದೆ. ಅದನ್ನು ಹೇಳಬೇಕು.

ಮಾಲೀಕರ ಸಂಬಂಧಿಕರೊಬ್ಬರ ವರ್ಕ್‌ಶಾಪು ನಾಸಿಕದಲ್ಲಿತ್ತು. ಅಲ್ಲಿ ಅಂಥದ್ದೇ ಮೀಟರು ಇದೆ ಎಂದು ತಿಳಿಯಿತು. ಸಾಹೇಬರೇ ನೋಡಿ ಆರಿಸಲಿ ಎಂದು ಮಾಲೀಕರು ಅವರನ್ನು ಕಳಿಸಿದರು. ಜೊತೆಗೆ ನಾನು, ಜೀಪಿಗೆ ಡ್ರೈವರ್. ಹೆಂಡತಿಗೆ ಸುದ್ದಿ ಗೊತ್ತಾದ ಕೂಡಲೇ, "ನಾಸಿಕಕ್ಕ ಹೋಗಿ ಗೋದಾವರಿಯೊಳಗ ಮುಳುಗು ಹಾಕ್ದೆ ಬಂದ್ರ ನಾ ಮಾತಾಡ್ಸೂದಿಲ್ಲ ನೋಡ್ರಿ," ಎಂದು ಒಗೆದ ಧೋತರವನ್ನು ಮಡಚಿ ಕೊಟ್ಟಳು.

ಮೀಟರು ಸಿಕ್ಕಿತು. ಸಾಹೇಬರು ಅದನ್ನು ಕೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ ಜೀಪಿನಲ್ಲಿಟ್ಟರು. ಅಲ್ಲಿಂದ ನೇರ ರಾಮಕುಂಡಕ್ಕೆ. ಮಳೆಗಾಲ ಆಗ ತಾನೇ ಮುಗಿದಿತ್ತು. ನದಿ ತುಂಬಿ ಹರಿಯುತ್ತಿತ್ತು. ಘಾಟಿನ ತುಂಬ ಜನ. ಕೆಲವರು ಮಂತ್ರ ಹೇಳುತ್ತಿದ್ದರು, ಕೆಲವರು ಬಟ್ಟೆ ಒಗೆಯುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ ನಾಲ್ಕಾರು ಗಟ್ಟಿ ಈಜುಗಾರರು ಲಂಗೋಟಿ ಕಟ್ಟಿಕೊಂಡು, ತಂಬಾಕು ತಿಕ್ಕುತ್ತ ಕೂತಿದ್ದರು. ಯಾರಾದರೂ ಸೆಳವಿಗೆ ಸಿಕ್ಕರೆ ಎಳೆದು ತರುವುದು ಅವರ ರೂಢಿ.

ನಾನು ಈಜು ಕಲಿತವನಲ್ಲ. ನಮ್ಮೂರಲ್ಲಿ ನೀರು ಕಾಣಬೇಕಾದರೆ ಬಾವಿಯೊಳಗೆ ಬಗ್ಗಿ ನೋಡಬೇಕು. ಧೋತರ ಉಟ್ಟು, ಮೂಗು ಹಿಡಿದು, ದಡದ ಮೆಟ್ಟಿಲ ಮೇಲೇ ಒಂದು ಮುಳುಗು ಹಾಕಿದೆ. ನನ್ನ ಲೆಕ್ಕದ್ದಾಯಿತು. ಹೆಂಡತಿಯ ಲೆಕ್ಕದ್ದೊಂದು ಇರಲಿ ಎಂದು ಇನ್ನೊಂದು ಮೆಟ್ಟಿಲು ಕೆಳಗಿಳಿದೆ. ಅಲ್ಲಿ ಪಾಚಿ ಇತ್ತು.

ಕಾಲು ಜಾರಿದ್ದು ಗೊತ್ತಾಯಿತು. ಆಮೇಲೆ ಬರೀ ನೀರು. ಮೂಗಿನಲ್ಲಿ, ಕಿವಿಯಲ್ಲಿ, ಬಾಯಲ್ಲಿ ನೀರು. ಕಾಲಿಗೆ ನೆಲ ಸಿಗುತ್ತಿಲ್ಲ. ಧೋತರ ಬಿಚ್ಚಿಕೊಂಡು ಕಾಲಿಗೆ ಸುತ್ತಿಕೊಂಡಿತು. ಒಮ್ಮೆ ಮೇಲೆ ಬಂದೆ. ಮೆಟ್ಟಿಲುಗಳು ದೂರ ಹೋಗಿದ್ದವು. ನಗೆಯ ಮಾತಲ್ಲ, ನನ್ನ ಕತೆ ಮುಗಿಯಿತು ಎಂದೇ ಅಂದುಕೊಂಡೆ. ಮನೆಯಲ್ಲಿ ಅವಳು ಒಬ್ಬಳೇ ಇದ್ದಾಳಲ್ಲ ಎಂಬುದು ಒಂದೇ ತಲೆಗೆ ಬಂತು.

ಅಷ್ಟರಲ್ಲಿ ದಡದಿಂದ ಸಾಹೇಬರ ಕೂಗು ಕೇಳಿತು. ದೊಡ್ಡ ದನಿಯಲ್ಲಿ, ಎರಡೂ ಕೈ ಬೀಸುತ್ತ ಕೂಗುತ್ತಿದ್ದರು:

"ನಾದ! ನಾದ! ನಾದ!"

ಏನೂ ಇಲ್ಲ! ಏನೂ ಇಲ್ಲ! ಏನೂ ಇಲ್ಲ!

ಮುಳುಗುತ್ತಿರುವ ಮನುಷ್ಯನಿಗೆ ಎಷ್ಟು ಸಿಟ್ಟು ಬರಬಹುದೆಂದು ನನಗೆ ಅಂದು ತಿಳಿಯಿತು. ಇಲ್ಲಿ ನನ್ನ ಪ್ರಾಣ ಹೋಗುತ್ತಿದೆ, ಈ ಮನುಷ್ಯ ದಡದಲ್ಲಿ ನಿಂತು ಏನೂ ಇಲ್ಲ ಅನ್ನುತ್ತಿದ್ದಾನಲ್ಲ! ಬಾಯಿ ತೆರೆದು ಬಯ್ಯಲು ಹೋದೆ. ಇನ್ನಷ್ಟು ಗೋದಾವರಿ ಒಳಗೆ ಹೋಯಿತು.

ಇದು ನೀರಿನಲ್ಲಿ ನಡೆದದ್ದು. ದಡದಲ್ಲಿ ನಡೆದದ್ದು ಇನ್ನೂ ಘೋರ. ಅದು ನನಗೆ ಆಮೇಲೆ ತಿಳಿಯಿತು.

ನಾನು ಜಾರಿದ್ದನ್ನು ನೋಡಿ ಮೇಲಿನ ಮೆಟ್ಟಿಲ ಈಜುಗಾರರು ತಂಬಾಕು ಉಗುಳಿ ಎದ್ದಿದ್ದರಂತೆ. ಹಾರುವ ಮುನ್ನ, ಕೂಗುತ್ತಿದ್ದ ಪರದೇಶಿಯ ಕಡೆ ತಿರುಗಿ ಒಬ್ಬ ಕೇಳಿದನಂತೆ, "ಈ ಸಾಹೇಬ ಏನು ಹೇಳ್ತಿದ್ದಾನೆ?" ಎಂದು. ನಮ್ಮ ಡ್ರೈವರ್, ಬ್ಯಾಂಡ್ ಮಾಸ್ತರರ ಪಾಠವನ್ನು ನನ್ನ ಜೊತೆಗೇ ಕಲಿತವನು, ಮುಂದೆ ಬಂದು ಅಭಿಮಾನದಿಂದ ಅರ್ಥ ಹೇಳಿದನಂತೆ: "ಕುಛ್ ನಹೀಂ, ಕುಛ್ ನಹೀಂ ಅಂತಾರ. ಏನೂ ಆಗಿಲ್ಲ, ಗಾಬರಿ ಆಗ್ಬ್ಯಾಡ್ರಿ."

"ಅಂದರೆ ಅವನಿಗೆ ಈಜು ಬರುತ್ತದೇನು?"

"ಸಾಹೇಬರು ಇಂಜಿನಿಯರ್ ಇದ್ದಾರ. ನೋಡಿ ತಿಳಿದೇ ಹೇಳ್ತಿರಬೇಕಲ್ಲ!"

ಈಜುಗಾರರು ಮತ್ತೆ ಕೂತು ಹೊಸದಾಗಿ ತಂಬಾಕು ತಿಕ್ಕತೊಡಗಿದರಂತೆ. ಅವರಲ್ಲಿ ಹಿರಿಯನೊಬ್ಬ ನಾನು ಕೈಕಾಲು ಬಡಿಯುವುದನ್ನು ನೋಡಿ, "ಹೊಸ ನಮೂನೆಯ ಈಜು" ಎಂದು ಮೆಚ್ಚಿದನಂತೆ.

ಕೊನೆಗೆ ಸಾಹೇಬರೇ ಬೂಟು ಸಮೇತ ಹಾರಿದರು. ಸಮುದ್ರದ ದಂಡೆಯ ಊರಿನಲ್ಲಿ ಬೆಳೆದವರು. ನಾಲ್ಕು ಬೀಸಿಗೆ ಬಂದು, ನನ್ನ ಕೂದಲು ಹಿಡಿದು, ದರದರ ಎಳೆದು ಮೆಟ್ಟಿಲ ಮೇಲೆ ಹಾಕಿದರು. ಹೊಟ್ಟೆಯ ಮೇಲೆ ಒತ್ತಿದರು. ಕಾರಂಜಿಯ ಹಾಗೆ ನೀರು ಬಂತು. ಉಸಿರು ಬಂದದ್ದೇ ತಡ, ನಾನು ಎದ್ದು ಕೂತು ಬಾಯಿಗೆ ಬಂದ ಭಾಷೆಯಲ್ಲೆಲ್ಲ ಅವರನ್ನು ಬೈದೆ.

"ನಾ ಸಾಯ್ಲಾಕತ್ತಿದ್ರ ಏನೂ ಇಲ್ಲ ಅಂತೀರೇನ್ರಿ? ಐ ಡೈಯಿಂಗ್, ಯೂ ಟೆಲ್ಲಿಂಗ್ ನಾದ?"

ಸಾಹೇಬರು ಗಲಿಬಿಲಿಗೊಂಡರು. ತಿಳಿದೊಡನೆ ಹಣೆ ಚಚ್ಚಿಕೊಂಡರು. ಆಮೇಲೆ ಒದ್ದೆ ಬಟ್ಟೆಯಲ್ಲೇ ಘಾಟಿನ ಮೇಲೆ ಅಡ್ಡ ಮಲಗಿ, ನೂರಾರು ಭಕ್ತರ ಎದುರು, ಎರಡೂ ಕೈಯಿಂದ ಗಾಳಿಯಲ್ಲಿ ಈಜಿ ತೋರಿಸಿದರು. "ನಾದ! ಸ್ವಿಮ್! ಸ್ವಿಮ್! ನಾದ!"

ಈಜು! ಅವರು ಕೂಗಿದ್ದು ಈಜು, ಈಜು ಎಂದು. ಅದೇ ಶಬ್ದಕ್ಕೆ ಏನೂ ಇಲ್ಲ ಎಂಬುದೊಂದು ಅರ್ಥ, ಈಜು ಎಂಬುದು ಇನ್ನೊಂದು. ಸಾಹೇಬರು ನಗುತ್ತ ನನ್ನ ಬೆನ್ನು ತಟ್ಟಿದರು. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವರ ಎರಡೂ ಕೈ ಹಿಡಿದು ಥ್ಯಾಂಕ್ಯೂ ಎಂದೆ. ಅವರು ಎಂದಿನ ಮಾತು ಹೇಳಲಿಲ್ಲ. ಸುಮ್ಮನೆ ತಲೆ ಸವರಿದರು.

ಅಷ್ಟರಲ್ಲಿ ಡ್ರೈವರ್ ಒಣ ಬಟ್ಟೆ ತಂದ. ಅವನು ಮಾಡಿದ ಭಾಷಾಂತರವನ್ನು ಈಜುಗಾರರು ಆಗಲೇ ನನಗೆ ಹೇಳಿ, ಕ್ಷಮೆ ಕೇಳಿ ಹೋಗಿದ್ದರು. ಅವನನ್ನು ನೋಡುತ್ತಲೇ ನನಗೆ ಮತ್ತೆ ಉರಿದುಹೋಯಿತು.

"ನಿನಗ ಯಾರ್ ಹೇಳಿದ್ರೋ ಅರ್ಥ ಹೇಳು ಅಂತ? ಈಜು ಅಂದಿದ್ದಕ್ಕ ಏನೂ ಇಲ್ಲ ಅಂತ ಹೇಳಿ ಎಲ್ಲಾರಿಗೂ ಕುಂದರ್ಸಿದಿ. ನಿನ್ನ ಭಾಷಾಂತರದಾಗ ನಾನೇ ಹೋಗ್ತಿದ್ನಲ್ಲೋ!"

ಅವನು ಸ್ವಲ್ಪವೂ ಅಳುಕಲಿಲ್ಲ. ನನ್ನ ತಲೆ ಒರೆಸುತ್ತಲೇ ಶಾಂತವಾಗಿ ಕೇಳಿದ:

"ಸಿಟ್ಟಾಗ್ಬ್ಯಾಡ್ರಿ ಸಾಬ್. ಒಂದು ಮಾತು ಹೇಳ್ರಿ. ನಿಮಗ ಈಜು ಎಷ್ಟು ಬರ್ತದ?"

"ಏನೂ ಇಲ್ಲ!"

"ಮತ್ತ? ನಾ ಹೇಳಿದ್ರಾಗ ತಪ್ಪೇನದ್ರಿ?"